ಗೋಧಿಕಟ್ಟಿನ ಅಜ್ಜಂದಿರು

ಕಂತು: ಏಳು

ದೇಶ ದೇಶಗಳ ಸಂಬಂಧಕ್ಕೇ ಧಕ್ಕೆ ತರಬಲ್ಲ ಗಂಭೀರ ಸಂಗತಿಯೊಂದನ್ನು ಮೊದಲಿಗೇ ಹೇಳಿಬಿಡಬೇಕು: ದೋಹಾದ ಬಿನ್ ಒಮ್ರಾನ್‌ನ ಒಂದು ವಿಲ್ಲಾದೊಳಗೆ, ಗಾಜಿನ ಕಪಾಟಿನಲ್ಲಿ ನಿಂತಿದ್ದ ಒಂದು ಕಟ್ಟು ಹುಲ್ಲಿಗೆ ತಲೆ ಇರಲಿಲ್ಲ.

ಹುಲ್ಲು ಇತ್ತು. ಅದರ ಸೊಂಟಕ್ಕೆ ಸುತ್ತಿದ ಕೆಂಪು ಕಸೂತಿಯ ಪಟ್ಟಿಯೂ ಇತ್ತು. ತೆನೆ ಮಾತ್ರ ಒಂದೂ ಇರಲಿಲ್ಲ.

"ಡೆಕೋರೇಷನ್ ಐಟಂ ಮೇಡಂ," ಎಂದ ಲಕ್ಷ್ಮೀಪತಿ. ಈ ಉಕ್ರೇನಿ ಜಾನಪದ ಮ್ಯೂಸಿಯಮ್ಮಿನ ಕಾವಲು, ಕಸ, ಏಸಿ ಎಲ್ಲದರ ಗುತ್ತಿಗೆ ಹಿಡಿದ ಕಂಪನಿಗೆ ಅವನು ಮ್ಯಾನೇಜರು. ತುಮಕೂರಿನವನು. "ರಿಪೋರ್ಟಲ್ಲೂ ಹಂಗೇ ಹಾಕಿದ್ದೀನಿ. ಡ್ರೈ ಗ್ರಾಸ್, ಪಾರ್ಷಿಯಲಿ ಡ್ಯಾಮೇಜ್ಡ್."

"ಒಣಹುಲ್ಲು ಹಾಳಾಯ್ತು ಅಂತ ಒಬ್ಬ ಮನುಷ್ಯನನ್ನು ಊರಿಗೆ ಓಡಿಸ್ತೀರಾ?" ಎಂದಳು ಕೊನ್ಸೆಪ್ಟಾ.

"ಹುಲ್ಲಿಗಲ್ಲ ಮೇಡಂ. ಟ್ರಸ್ಟ್ ಇಶ್ಯೂ ಅದು."

ಕೊನ್ಸೆಪ್ಟಾ ಮಿನೇಜಸ್ ಉಡುಪಿ ಬಳಿಯ ಶಿರ್ವದವಳು. ದೋಹಾದ ಅಲ್ ಮನ್ಸೂರಾದಲ್ಲಿ ವಾಸ, ವಿಮೆ ಕಂಪನಿಯೊಂದರಲ್ಲಿ ನಷ್ಟ ಅಂದಾಜು ಮಾಡುವ ಕೆಲಸ. ಸುಟ್ಟ ಗೋದಾಮಿನ ಬೂದಿ ಕೆದಕಿ, ಬೆಂಕಿ ತಾನಾಗಿ ಬಿದ್ದದ್ದೋ ಯಾರಾದರೂ ಇಟ್ಟದ್ದೋ ಎಂದು ಹೇಳುವುದರಲ್ಲಿ ಅವಳ ಅರ್ಧ ಆಯುಷ್ಯ ಕಳೆದಿತ್ತು. 'ಟ್ರಸ್ಟ್ ಇಶ್ಯೂ' ಎಂಬ ಮಾತನ್ನು ಅವಳು ಕೇಳಿದ್ದೆಲ್ಲ ಬೆಂಕಿ ಇಟ್ಟವರ ಬಾಯಲ್ಲೇ.

ಇಲ್ಲಿನ ಕಾವಲುಗಾರ ದುಗ್ಗು ಅವಳ ಪಕ್ಕದೂರಿನವನು. ಹೋದ ವಾರ ಫೋನು ಮಾಡಿ, ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ, "ಬಾಯಮ್ಮಾ, ನಾನು ಕದ್ದದ್ದಲ್ಲ," ಎಂದಿದ್ದ. ಅಲ್ಲಿಂದ ಶುರುವಾದ ಓಡಾಟ ಇದು. ಇವತ್ತು ಸಂಜೆಯೊಳಗೆ ತೆನೆಯ ಸುಳಿವು ಸಿಗದಿದ್ದರೆ ಅವನ ವೀಸಾ ರದ್ದು. ಕಳ್ಳ ಎಂಬ ಹೆಸರು ಹೊತ್ತು ಅವನು ಊರಿನ ವಿಮಾನ ಹತ್ತಬೇಕು.

ಮ್ಯೂಸಿಯಮ್ಮಿನ ಒಡತಿ ಒರಿಸ್ಯಾ ಕಪಾಟಿನ ಪಕ್ಕದ ಕುರ್ಚಿಯಲ್ಲಿ, ಸತ್ತವರ ಮನೆಯಲ್ಲಿ ಕೂರುವ ಹಾಗೆ ಕೂತಿದ್ದಳು. ಬಿಳಿಕೂದಲಿನ ಎತ್ತರದ ಹೆಂಗಸು. ಎರಡು ತಿಂಗಳು ತಾಯಿಯ ಬಳಿ ಪೋಲೆಂಡಿನಲ್ಲಿದ್ದು, ವಾಪಸು ಬಂದು ಬಾಗಿಲು ತೆಗೆದಾಗ ಕಂಡದ್ದು ಇದು. ಈ ಮನೆಯಲ್ಲಿದ್ದ ಒಂದೊಂದು ವಸ್ತುವೂ ಯಾರದೋ ಸೂಟ್‌ಕೇಸಿನಲ್ಲಿ ಬಂದದ್ದು: ಅಜ್ಜಿಯ ಕಸೂತಿ ಅಂಗಿ, ಮಣ್ಣಿನ ಪೀಪಿ, ತಂತಿ ಕಡಿದ ವಾದ್ಯ. ಯುದ್ಧ ಶುರುವಾದ ಮೇಲೆ ಸೂಟ್‌ಕೇಸುಗಳು ಹೆಚ್ಚಾದವು, ಹೊತ್ತು ತಂದವರು ವಾಪಸು ಹೋಗುವುದು ನಿಂತಿತು.

"ನೀವೂ ಬೆಲೆ ಕೇಳಲು ಬಂದಿರಾ?" ಎಂದು ಒರಿಸ್ಯಾ ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ. ಇದು ಏನು ಅಂತ ಕೇಳಲು ಬಂದೆ."

ಒರಿಸ್ಯಾ ತಲೆಯೆತ್ತಿದಳು. ಒಂದು ವಾರದಲ್ಲಿ ಆ ಪ್ರಶ್ನೆ ಕೇಳಿದವರು ಇವಳೊಬ್ಬಳೇ ಎಂಬುದು ಆ ನೋಟದಲ್ಲೇ ತಿಳಿಯುತ್ತಿತ್ತು.

"ಇದರ ಹೆಸರು ದೀದುಖ್. ಕ್ರಿಸ್‌ಮಸ್ಸಿಗೆ ಮನೆಯ ಮೂಲೆಯಲ್ಲಿ ಗೋಧಿಯ ಕಟ್ಟು ನಿಲ್ಲಿಸುತ್ತೇವೆ. ತೀರಿಕೊಂಡ ಅಜ್ಜಂದಿರು ಬಂದು ಅದರಲ್ಲಿ ಇರುತ್ತಾರೆ. ಹಬ್ಬ ಮುಗಿದ ಮೇಲೆ ಕಾಳು ಉದುರಿಸಿ ಬಿತ್ತನೆಗೆ ಇಡುತ್ತೇವೆ, ಹುಲ್ಲನ್ನು ಸುಡುತ್ತೇವೆ."

"ಇದನ್ನು ಯಾಕೆ ಸುಡಲಿಲ್ಲ?"

"ಬಿತ್ತುವುದು ಎಲ್ಲಿ? ನನ್ನ ತಂದೆಯ ಹೊಲದಲ್ಲಿ ಈಗ ನೆಲಬಾಂಬುಗಳಿವೆ. ಆ ಗೋಧಿಯನ್ನು ನಮ್ಮೂರಿನಲ್ಲಿ ಮಾತ್ರ ಬೆಳೆಯುತ್ತಿದ್ದರು. ಊರಿನಲ್ಲಿ ಈಗ ಯಾರೂ ಇಲ್ಲ. ಹೊಲ ವಾಪಸು ಸಿಗುವವರೆಗೆ ಅಜ್ಜಂದಿರು ಇಲ್ಲೇ ಏಸಿಯಲ್ಲಿ ಇರಲಿ ಅಂದುಕೊಂಡೆ."

"ಗೋಧಿ ಹೈಪರ್‌ಮಾರ್ಕೆಟ್ಟಲ್ಲಿ ಸಿಗತ್ತೆ," ಎಂದು ಲಕ್ಷ್ಮೀಪತಿ ಕನ್ನಡದಲ್ಲಿ ಸಲಹೆ ಕೊಟ್ಟ. "ಪಂಜಾಬ್‌ದು. ಇನ್ನೂ ದಪ್ಪ ಕಾಳು."

ಕೊನ್ಸೆಪ್ಟಾ ಅದನ್ನು ಅನುವಾದಿಸಲಿಲ್ಲ.

ಅವಳು ಕಪಾಟಿನ ಮುಂದೆ ಮಂಡಿಯೂರಿದಳು. ಬೀಗ ಮುರಿದಿರಲಿಲ್ಲ, ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ದಂಟುಗಳೆಲ್ಲ ಒಂದೇ ಎತ್ತರಕ್ಕೆ, ಚೂರೂ ನಾರು ಏಳದ ಹಾಗೆ ತುಂಡಾಗಿದ್ದವು. ಇದು ಅಡುಗೆಮನೆಯ ಕತ್ತರಿಯ ಕೆಲಸವಲ್ಲ. ಹರಿತವಾದ ಹತಾರ ಇಟ್ಟುಕೊಂಡವನ, ಅದಕ್ಕಿಂತ ಹೆಚ್ಚಾಗಿ ಅಳತೆ ತಪ್ಪದ ಕೈಯವನ ಕೆಲಸ.

ಕಪಾಟಿನ ಹೊರಗೆ, ಮರದ ಮೆಟ್ಟಿಲ ಮೇಲೆ, ಕಂದು ಬಣ್ಣಕ್ಕೆ ತಿರುಗಿದ ಒಂದು ತುಂಡು ಹೂಮಾಲೆ.

"ಅದಕ್ಕೇ ಅವನು ಸಿಕ್ಕಿಬಿದ್ದಿದ್ದು," ಎಂದ ಲಕ್ಷ್ಮೀಪತಿ. "ಎವಿಡೆನ್ಸು ಅಂತ ನಾನು ಮುಟ್ಟೋಕೇ ಬಿಟ್ಟಿಲ್ಲ. ಕದ್ದು ಹೂವಿಟ್ಟು ಹೋಗೋ ಕಳ್ಳ ಇನ್ಯಾರು ಹೇಳಿ? ನಿಮ್ಮ ಕಡೆಯೋರೇ."

"ನಮ್ಮ ಕಡೆಯವರೇ," ಎಂದು ಕೊನ್ಸೆಪ್ಟಾ ಒಪ್ಪಿದಳು.

ಶಂಕರಪುರ ಮಲ್ಲಿಗೆ, ಬಾಳೆನಾರಿನಲ್ಲಿ ಕಟ್ಟಿದ್ದು. ಉಡುಪಿಯ ತೋಟದಲ್ಲಿ ಬೆಳಿಗ್ಗೆ ಕೊಯ್ದದ್ದು ವಿಮಾನ ಹತ್ತಿ ದೋಹಾದ ಅಂಗಡಿಗೆ ಬಂದು, ಮೊಳಕ್ಕೆ ಕೇಳಿದಷ್ಟು ಬೆಲೆಗೆ ಹೋಗುವ ಹೂವು. ಅದನ್ನು ಬೆರಳಿನಲ್ಲಿ ಹೊರಳಿಸುತ್ತಿದ್ದಂತೆ ಕೊನ್ಸೆಪ್ಟಾಳ ಕಣ್ಣಿಗೆ ಶಿರ್ವದ ಇಗರ್ಜಿಯ ಅಂಗಳ ಬಂತು. ಸೆಪ್ಟೆಂಬರ್ ಎಂಟರ ಮೊಂತಿ ಫೆಸ್ತ್, ಅವರ ತೆನೆಹಬ್ಬ. ಮಕ್ಕಳು ಸಾಲಾಗಿ ನಿಂತು ಮರಿಯಮ್ಮನಿಗೆ ಹೂ ಹಾಕುವುದು. ಆಮೇಲೆ ಆಶೀರ್ವಾದದ ಭತ್ತದ ತೆನೆ ಮನೆಗೆ ಬಂದು, ಅದರ ಕಾಳಿನ ಹುಡಿ ಬೆರೆಸಿದ ಹಾಲನ್ನು ಎಲ್ಲರೂ ಒಂದೊಂದು ಚಮಚ ಕುಡಿದ ಮೇಲೆಯೇ ಊಟ.

ಮೊದಲು ಹೂವು. ಆಮೇಲೆ ತೆನೆ.

ಹತ್ತು ದಿನದ ಹಿಂದೆ ದೋಹಾದ ಕರಾವಳಿ ಕೂಟದವರು ಬಾಡಿಗೆ ಸಭಾಂಗಣದಲ್ಲಿ ಅದೇ ಹಬ್ಬ ಮಾಡಿದ್ದರು. ಊರಿಂದ ಬರುತ್ತಿದ್ದ ಹಸಿ ತೆನೆಯನ್ನು ವಿಮಾನ ನಿಲ್ದಾಣದಲ್ಲಿ ಗಿಡಮರದ ತಪಾಸಣೆಯವರು ತಡೆದಿದ್ದಾರೆಂದು ಮುನ್ನಾದಿನ ಎಲ್ಲರ ಮುಖ ಬಾಡಿತ್ತು. ಬೆಳಗಾಗುವಾಗ ತೆನೆ ಬಂದಿತ್ತು. ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಆ ಸಲದ ಹಾಲು ಮಾತ್ರ ಪೋಸ್ಟರು ಅಂಟಿಸುವ ಗೋಂದಿನ ಹಾಗೆ ದಪ್ಪವಾಗಿತ್ತು.

ಕೊನ್ಸೆಪ್ಟಾ ನಿಧಾನವಾಗಿ ಎದ್ದು ನಿಂತಳು.

"ಈ ಕಪಾಟು ಮಾಡಿದ್ದು ಯಾರು?"

"ಒಸ್ವಾಲ್ಡ್," ಎಂದಳು ಒರಿಸ್ಯಾ. "ನಿಮ್ಮ ದೇಶದ ಬಡಗಿ. ಬಹಳ ಒಳ್ಳೆಯ ಮನುಷ್ಯ. ಕೆಲಸ ಮಾಡುವಾಗ ಹಾಡುತ್ತಾನೆ."

"ಕೀಲಿ?"

"ಎರಡು ಕೊಟ್ಟ. ಎರಡೂ ನನ್ನ ಬಳಿಯೇ ಇವೆ."

ಮೂರನೆಯ ಕೀಲಿ ಇಟ್ಟುಕೊಳ್ಳದ ಬಡಗಿಯನ್ನು ಕೊನ್ಸೆಪ್ಟಾ ತನ್ನ ವೃತ್ತಿಯಲ್ಲಿ ಇನ್ನೂ ನೋಡಿರಲಿಲ್ಲ.

*

ಒಸ್ವಾಲ್ಡ್ ಕೊನ್ಸೆಪ್ಟಾಳ ಮನೆಯಿಂದ ನಾಲ್ಕು ಬೀದಿ ಆಚೆ, ಅಲ್ ಮನ್ಸೂರಾದಲ್ಲೇ ಇದ್ದ. ಕರಾವಳಿ ಕೂಟದ ಹಬ್ಬದ ಸಮಿತಿಗೆ ಮುಖ್ಯಸ್ಥ, ಗಾಯನ ತಂಡಕ್ಕೆ ಮುಖ್ಯ ಗಂಟಲು. ಬಾಗಿಲು ತೆಗೆದದ್ದು ಅವನ ಹೆಂಡತಿ ಟ್ರೀಸಾ. ಚಾ ಬಂತು, ಚಕ್ಕುಲಿ ಬಂತು. ಶಿರ್ವದ ಕಡೆಯವರಿಗೆ ಪ್ರೀತಿ ಕೊಂಕಣಿಯಲ್ಲಿ, ವ್ಯಾಜ್ಯ ಕನ್ನಡದಲ್ಲಿ. ಕೊನ್ಸೆಪ್ಟಾ ಕನ್ನಡದಲ್ಲೇ ಶುರು ಮಾಡಿದ್ದರಿಂದ ಒಸ್ವಾಲ್ಡ್ ಚಕ್ಕುಲಿಯನ್ನು ತಟ್ಟೆಗೆ ವಾಪಸು ಇಟ್ಟ.

"ಹಬ್ಬದ ತೆನೆ ಎಲ್ಲಿಂದ ತಂದದ್ದು?"

"ಊರಿಂದ."

"ಊರಿಂದು ಏರ್‌ಪೋರ್ಟಲ್ಲಿ ಹಿಡಿದ್ರಲ್ಲ."

"ಬೇರೆ ಒಬ್ಬರು ತಂದ್ರು."

"ಅವರ ಹೆಸರು?"

"ಎಂತ ಕೊನ್ಸೆಪ್ಟಾ, ನಾನೆಂತ ಗೋದಾಮಿಗೆ ಬೆಂಕಿ ಹಾಕಿದ್ದೇನಾ?"

ಅವಳು ಮೊಬೈಲು ತೆಗೆದು ಹಬ್ಬದ ಫೋಟೋವನ್ನು ಅವನ ಮೂಗಿನ ಕೆಳಗೆ ಹಿಡಿದಳು. "ಭತ್ತದ ತೆನೆ ಬಾಗ್ತದೆ ಒಸ್ವಾಲ್ಡ್. ಇದು ಪೊಲೀಸಿನ ಹಾಗೆ ನೆಟ್ಟಗೆ ನಿಂತಿದೆ. ಇದಕ್ಕೆ ಮೀಸೆ ಉಂಟು. ಭತ್ತಕ್ಕೆ ಇಷ್ಟುದ್ದ ಮೀಸೆ ನೀನು ಯಾವ ಗದ್ದೆಯಲ್ಲಿ ನೋಡಿದ್ದು?"

ಒಸ್ವಾಲ್ಡ್ ಫೋಟೋವನ್ನು ಬಹಳ ಹೊತ್ತು ನೋಡಿದ. ಆದರೆ ಬಾಯಿ ತೆರೆದಾಗ ಬಂದದ್ದು ರೋಷ.

"ಅವತ್ತೇ ಯಾಕೆ ಹೇಳ್ಲಿಲ್ಲ ಹಾಗಾದ್ರೆ? ಅಷ್ಟು ಜನ ಇದ್ರು. ಎಲ್ಲ ಗದ್ದೆಯಲ್ಲಿ ಹುಟ್ಟಿದವರೇ. ಒಬ್ಬರಾದ್ರೂ ಇದು ಭತ್ತ ಅಲ್ಲ ಅಂದ್ರಾ? ನೀನು ಎರಡು ಸಲ ಹಾಕಿಸಿಕೊಂಡು ಕುಡಿದೆ. ಕುಡಿದು ಎಂತ ಹೇಳಿದೆ, ನೆನಪುಂಟಾ? 'ಊರಿನ ಪರಿಮಳ' ಹೇಳಿದೆ."

ಅದು ನಿಜವಾಗಿತ್ತು. ಕೊನ್ಸೆಪ್ಟಾಳ ಕಿವಿ ಬಿಸಿಯಾಯಿತು. ಉಕ್ರೇನಿನ ಅಜ್ಜಂದಿರನ್ನು ಏಲಕ್ಕಿ ಹಾಕಿ ಎರಡು ಸಲ ಕುಡಿದು, ಶಿರ್ವದ ಪರಿಮಳ ಎಂದಿದ್ದಳು. ಆ ನಾಚಿಕೆಯನ್ನು ಆಮೇಲೆ ನೋಡಿಕೊಳ್ಳೋಣವೆಂದು ಬದಿಗಿಟ್ಟಳು. ಈಗ ಸಿಟ್ಟಿಗೆ ಮಾತ್ರ ಜಾಗವಿತ್ತು.

"ಅದು ನಿನ್ನದಲ್ಲ."

"ಮಕ್ಕಳು ಹೂ ಹಿಡ್ಕೊಂಡು ಸಾಲಲ್ಲಿ ನಿಲ್ಲುವವರಿದ್ರು. ತೆನೆ ಇಲ್ಲ, ಈ ಸಲ ಪ್ರೊಜೆಕ್ಟರಲ್ಲಿ ತೋರಿಸ್ತೇವೆ ಹೇಳ್ಬೇಕಿತ್ತಾ?"

"ಹೇಳ್ಬೇಕಿತ್ತು."

"ಅಲ್ಲಿ ಬೋರ್ಡಲ್ಲಿ ಅವರೇ ಹಾಕಿದ್ದಾರೆ, ಹಬ್ಬ ಆದ ಮೇಲೆ ಸುಡುವುದು ಅಂತ. ಹೇಗೂ ಸುಡುವುದು. ಸುಡುವುದನ್ನು ದೇವರಿಗೆ ಕೊಟ್ರೆ ತಪ್ಪಾ?"

"ಕಾಳು ತೆಗೆದಿಟ್ಟು ಆಮೇಲೆ ಸುಡುವುದು. ಬೋರ್ಡು ಪೂರ್ತಿ ಓದ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ನಾನು ಕಪಾಟು ಫಿಟ್ ಮಾಡ್ಲಿಕ್ಕೆ ಹೋದವ. ಓದ್ಲಿಕ್ಕೆ ಹೋದವ ಅಲ್ಲ."

"ಸ್ವಲ್ಪವಾದರೂ ಉಳಿದಿದೆಯಾ?"

"ಖಲಾಸ್. ಕೊನೆಯ ಹುಡಿಯನ್ನು ಅಲ್ ಖೋರ್‌ನಲ್ಲಿರುವ ನಮ್ಮವರಿಗೆ ಕಂಪನಿ ಬಸ್ಸಲ್ಲಿ ಕಳಿಸಿದೆ. ಅವರು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ರು."

ಒಂದು ಊರಿನ ಕೊನೆಯ ಬಿತ್ತನೆ ಬೀಜವನ್ನು ಚಮಚದ ಲೆಕ್ಕದಲ್ಲಿ ಹಂಚಿ, ಮೇಲಿಂದ ಥ್ಯಾಂಕ್ಸ್ ಪಡೆದ ಮನುಷ್ಯ ಅವಳೆದುರು ಬನಿಯನ್ ಹಾಕಿಕೊಂಡು ಕೂತಿದ್ದ. ಅವನ ಮುಖದಲ್ಲಿ ಕಳ್ಳತನ ಎಂಬುದರ ಗುರುತೇ ಇರಲಿಲ್ಲ. ಕೊನ್ಸೆಪ್ಟಾಳನ್ನು ಹೆಚ್ಚು ಕೆರಳಿಸಿದ್ದು ಅದೇ. ಬೆಂಕಿ ಇಟ್ಟವರಿಗಾದರೂ ತಾವು ಬೆಂಕಿ ಇಟ್ಟದ್ದು ಗೊತ್ತಿರುತ್ತದೆ.

"ದುಗ್ಗುವನ್ನು ಇವತ್ತು ಕಳಿಸ್ತಾರೆ, ಗೊತ್ತುಂಟಾ?"

"ಅವನು ಕದ್ದದ್ದಲ್ಲ ಅಂತ ಗೊತ್ತಾದ್ರೆ ಬಿಡ್ತಾರೆ ಮಾರಾಯ್ತಿ."

"ಗೊತ್ತಾಗುವುದು ಹೇಗೆ? ಹುಲ್ಲು ಬಾಯಿ ಬಿಟ್ಟು ಹೇಳ್ತದಾ?"

ಒಸ್ವಾಲ್ಡ್ ಗೋಡೆಯ ಮೇಲಿನ ಯೇಸುವಿನ ಪಟ ನೋಡಿದ. ಅಲ್ಲಿಂದ ಸಹಾಯವೇನೂ ಬರಲಿಲ್ಲ.

"ಕದಿಯುವ ಮೊದಲು ಹೂ ಇಡ್ಲಿಕ್ಕೆ ಮರೀಲಿಲ್ಲ ನೀನು. ಎಂಥ ಭಕ್ತಿ," ಎಂದಳು ಕೊನ್ಸೆಪ್ಟಾ.

"ಯಾವ ಹೂ?"

"ಮಲ್ಲಿಗೆ. ಕಪಾಟಿನ ಬುಡದಲ್ಲಿ."

"ನಾನು ಹೂ ಗೀ ಇಟ್ಟದ್ದಿಲ್ಲ. ನೆಲಕ್ಕೆ ಬೆಡ್‌ಶೀಟ್ ಹಾಸಿದೆ, ಕತ್ತರಿಸಿದೆ, ಕಟ್ಟಿದೆ, ಬಂದೆ. ಹೂವಿಗೆಲ್ಲ ಟೈಮ್ ಎಲ್ಲಿ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ದೊಡ್ಡದನ್ನು ಒಪ್ಪಿಕೊಂಡವನು ಒಂದು ತುಂಡು ಮಲ್ಲಿಗೆಗೆ ಸುಳ್ಳು ಹೇಳಲಾರ. ಕೊನ್ಸೆಪ್ಟಾ ತಪ್ಪು ದಾರಿ ಹಿಡಿದು ಸರಿಯಾದ ಮನೆಗೆ ಬಂದಿದ್ದಳು. ವೃತ್ತಿಯ ಹೆಮ್ಮೆಗೆ ಅದರಿಂದ ಸ್ವಲ್ಪ ಪೆಟ್ಟಾಯಿತು.

"ವಿಲ್ಲಾದ ಬಾಗಿಲು ತೆಗೆದದ್ದು ಯಾರು?"

ಒಸ್ವಾಲ್ಡ್ ತಗ್ಗಿದ ದನಿಯಲ್ಲಿ ಹೇಳಿದ: "ದುಗ್ಗು. ಕಪಾಟಿನ ಹಿಂಜ್ ಚೆಕ್ ಮಾಡ್ಬೇಕು ಅಂದೆ. ಊರಲ್ಲಿ ಒಡೆಯರಿಗೆ ಹೇಳುವ ಹಾಗೆ 'ಪೊರ್ಬುಗಳೇ, ಚಾ ತರ್ಲಾ' ಕೇಳಿದ. ಬೆಡ್‌ಶೀಟ್ ಹೊತ್ತು ಬರುವಾಗ ಅವನೇ ಗೇಟು ತೆಗೆದ. ಒಳಗೆ ಎಂತ ಉಂಟು ಅಂತ ಕೇಳ್ಲಿಲ್ಲ."

"ಆಮೇಲೆ ನೀನು ಅವನ ಹತ್ತಿರ ಮಾತಾಡಿದ್ದಿಯಾ?"

"ಇಲ್ಲ. ದೇವರಾಣೆ ಇಲ್ಲ."

ಅಂದರೆ ದುಗ್ಗುವಿಗೆ ಮೊದಲಿಂದಲೂ ಗೊತ್ತಿತ್ತು. ಒಳಗೆ ಹೋಗಿ ತಲೆಯಿಲ್ಲದ ಕಟ್ಟನ್ನು ನೋಡಿದವನು ಅವನೇ. ಒಳಗಿದ್ದ ಅಜ್ಜಂದಿರಿಗೆ ಮಲ್ಲಿಗೆ ಇಟ್ಟವನೂ ಅವನೇ. ಫೋನಿನಲ್ಲಿ 'ನಾನು ಕದ್ದದ್ದಲ್ಲ' ಎಂದವನು, ಕದ್ದದ್ದು ಯಾರು ಎಂದು ಹೇಳಿರಲಿಲ್ಲ. ಅವಳೂ, ಎಷ್ಟೋ ಬೂದಿ ಕೆದಕಿದವಳು, ಆ ಪ್ರಶ್ನೆ ಕೇಳಿರಲಿಲ್ಲ.

"ಎದ್ದೇಳು. ಅಂಗಿ ಹಾಕು."

"ನಾಳೆ ಶುಕ್ರವಾರ. ಪೂಜೆ ಮುಗಿಸಿ ಹೋಗುವ."

"ಈಗ."

"ನನ್ನ ಮಗಳ ಮದುವೆ ಮಾತು ನಡೀತಾ ಉಂಟು. ಸಮಿತಿ ಹೆಸರು ಎಂತ ಆಗ್ಬೇಕು? ಕದ್ದ ಗೋಧಿಯಲ್ಲಿ ಹಬ್ಬ ಮಾಡಿದ್ರು ಹೇಳ್ತಾರೆ ಜನ."

"ಕದ್ದ ಗೋಧಿಯಲ್ಲೇ ಹಬ್ಬ ಮಾಡಿದ್ದು."

ಅಲ್ಲಿಯವರೆಗೆ ಅಡುಗೆಮನೆಯ ಬಾಗಿಲಲ್ಲಿ ಒರಗಿ ನಿಂತಿದ್ದ ಟ್ರೀಸಾ ಒಳಗೆ ಬಂದು, ಗಂಡನ ಚಾ ಲೋಟವನ್ನು ಅರ್ಧದಲ್ಲೇ ಎತ್ತಿಕೊಂಡಳು.

"ಹಾಲು ಅಂಟಾಯ್ತು ಅಂತ ಇಡೀ ಅಲ್ ಮನ್ಸೂರಾ ನನ್ನನ್ನು ಆಡಿಕೊಂಡಿತು. ಟ್ರೀಸಾಳಿಗೆ ಕೈ ತಪ್ಪಿದೆ, ವಯಸ್ಸಾಯ್ತು ಅಂದ್ರು. ಇವರು ಅಲ್ಲೇ ಕೂತು ನಗಾಡ್ತಿದ್ರು. ಹೋಗಿ. ಯಲ್ಲಾ."

ಒಸ್ವಾಲ್ಡ್ ಅಂಗಿ ಹಾಕಿಕೊಂಡ.

*

ಕಾರಿನ ಸ್ಟೇರಿಂಗು ಸೆಪ್ಟೆಂಬರಿನಲ್ಲೂ ಕಾವಲಿಯಂತೆ ಕಾದಿತ್ತು. ದಾರಿಯುದ್ದಕ್ಕೂ ಒಸ್ವಾಲ್ಡ್ ಇಂಗ್ಲಿಷಿನಲ್ಲಿ ಹೇಳಬೇಕಾದ ವಾಕ್ಯವನ್ನು ತುಟಿಯೊಳಗೇ ಕಟ್ಟಿ ಬಿಚ್ಚುತ್ತಿದ್ದ. ಬಿನ್ ಒಮ್ರಾನ್ ತಲು‍ಪುವ ಹೊತ್ತಿಗೆ ವಾಕ್ಯ ಹೆಚ್ಚುಕಡಿಮೆ ಸಿದ್ಧವಾಗಿತ್ತು. "ಮೇಡಂ, ಐ ಆಮ್ ದ ಪರ್ಸನ್," ಎಂದು ಅದರ ಶುರು.

ಗೇಟಿನಲ್ಲಿ ಲಕ್ಷ್ಮೀಪತಿ ನಗುತ್ತಾ ಎದುರಾದ.

"ಸುಮ್ನೆ ಅಲೆದಾಡಿದ್ರಿ ಮೇಡಂ. ಕೇಸ್ ಕ್ಲೋಸ್."

"ಎಂತ ಕ್ಲೋಸ್?"

"ಒಪ್ಕೊಂಡ. ನೀವು ಹೋದ ಹಿಂದೇನೇ ದುಗ್ಗು ಲೇಬರ್ ಕ್ಯಾಂಪಿಂದ ತಾನಾಗೇ ಬಂದ. ಆ ಮೇಡಂ ಅಳ್ತಾ ಕೂತಿದ್ರು. ಜೇಬಿಂದ ಒಂದು ಬೆಂಕಿಪೊಟ್ಟಣ ತೆಗೆದು ಅವರ ಕೈಗಿಟ್ಟ. ಒಳಗೆ ಗೋಧಿ ಕಾಳು. ಎಲ್ಲಿಂದ ಬಂತೋ ಅಂದ್ರೆ, ನೆಲದಲ್ಲಿ ಬಿದ್ದಿತ್ತು, ಆರಿಸಿಟ್ಟೆ ಅಂದ. ಕತ್ತರಿಸಿದ್ದು ಯಾರೋ ಅಂದ್ರೆ ಬಾಯೇ ಇಲ್ಲ. ನಾನೂ ಬಿಡ್ಲಿಲ್ಲ. ಕೊನೆಗೆ 'ನಾನೇ' ಅಂದ."

"ನೀವು ಎಂತ ಹೇಳಿದ ಮೇಲೆ 'ನಾನೇ' ಅಂದ?"

"ಒಪ್ಕೊಂಡ್ರೆ ಪೊಲೀಸಿಗೆ ಹೋಗಲ್ಲ, ಬರೀ ಊರಿಗೆ ಕಳಿಸ್ತೀವಿ ಅಂದೆ. ನಾವೂ ಮನುಷ್ಯರೇ ಅಲ್ವಾ ಮೇಡಂ."

ಒರಿಸ್ಯಾ ವಿಲ್ಲಾದ ಬಾಗಿಲಿಗೆ ಬಂದಳು. ಬೆಂಕಿಪೊಟ್ಟಣವನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದಳು, ಒಳಗೆ ಜೀವಂತವಾದದ್ದೇನೋ ಇದೆ ಎಂಬಂತೆ.

ಕೊನ್ಸೆಪ್ಟಾ ಒಸ್ವಾಲ್ಡನ ಕಡೆ ತಿರುಗಿದಳು. "ಹೇಳು."

ಒಸ್ವಾಲ್ಡನ ತುಟಿ ಅಲುಗಿತು. ವಾಕ್ಯ ಇನ್ನೂ ಅಲ್ಲೇ ಇತ್ತು. ಅವನು ಲಕ್ಷ್ಮೀಪತಿಯನ್ನು ನೋಡಿದ, ಒರಿಸ್ಯಾಳನ್ನು ನೋಡಿದ, ತನ್ನ ಚಪ್ಪಲಿಯನ್ನು ನೋಡಿದ.

"ಅವನೇ ಒಪ್ಪಿಕೊಂಡಿದ್ದಾನಲ್ಲ," ಎಂದ ಮೆಲ್ಲಗೆ.

ಕೊನ್ಸೆಪ್ಟಾ ಅವನ ವಾಕ್ಯವನ್ನು ತಾನೇ ಹೇಳಿದಳು. ಇಂಗ್ಲಿಷಿನಲ್ಲಿ, ಹಬ್ಬದಿಂದ ಹಾಲಿನವರೆಗೆ, ತಾನು ಕುಡಿದದ್ದನ್ನೂ ಬಿಡದೆ. ಫೋಟೋ ತೋರಿಸಿದಳು. ಒರಿಸ್ಯಾ ಕೇಳಿಸಿಕೊಂಡಳು, ಒಸ್ವಾಲ್ಡನ ಮುಖ ನೋಡಿದಳು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಭತ್ತದ ತೆನೆ ಮೇಡಂ, ಊರಿಂದ ಬಂದದ್ದು, ಎಂದ. ಈ ಸಲ ಇಂಗ್ಲಿಷು ತಡವರಿಸದೆ ಬಂತು.

"ದುಗ್ಗು ನನ್ನ ಕಣ್ಣು ನೋಡಿ ಹೇಳಿದ, ತಾನೇ ಎಂದು," ಎಂದಳು ಒರಿಸ್ಯಾ. "ಕಾಳೂ ಅವನ ಜೇಬಿನಲ್ಲೇ ಇತ್ತು. ನೀವು ನಿಮ್ಮ ಊರಿನವನನ್ನು ಉಳಿಸಿಕೊಳ್ಳಲು ನೋಡುತ್ತಿದ್ದೀರಿ. ನನಗೆ ಅದು ಅರ್ಥವಾಗುತ್ತದೆ. ಆದರೆ ಅದಕ್ಕಾಗಿ ಈ ಮನುಷ್ಯನ ಮೇಲೆ ಹೊರಿಸಬೇಡಿ."

"ಇವನೂ ನನ್ನ ಊರಿನವನೇ," ಎಂದಳು ಕೊನ್ಸೆಪ್ಟಾ.

ಒರಿಸ್ಯಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೊನ್ಸೆಪ್ಟಾ ದುಗ್ಗುವಿಗೆ ಫೋನು ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದಾಗ ಸ್ವಿಚ್ ಆಫ್ ಆಗಿತ್ತು.

"ಎಲ್ಲಿದ್ದಾನೆ ಅವನು?"

"ಏರ್‌ಪೋರ್ಟ್ ದಾರೀಲಿ," ಎಂದ ಲಕ್ಷ್ಮೀಪತಿ. "ನಮ್ ಡ್ರೈವರ್ ಕರ್ಕೊಂಡು ಹೋಗಿದ್ದಾನೆ."

ಮಂಗಳೂರಿನ ಸಂಜೆಯ ವಿಮಾನಕ್ಕೆ ದುಗ್ಗುವಿನ ಟಿಕೆಟ್ ಆಗಿತ್ತು.